ಒಂದು ಕಣ್ಣಿನ ಪೂಜೆ

ಕಂಪ್ಲಿಯ ಅಕ್ಕಿ ಗಿರಣಿ ಹಾಲಸ್ವಾಮಿಯ ಮನೆಯಲ್ಲಿ ಎರಡು ವರ್ಷಗಳಿಂದ ಒಂದು ವಿಚಿತ್ರ ನಡೆಯುತ್ತಿತ್ತು. ಬೆಳಗ್ಗೆ ಹೆಂಡತಿ ಜಂಬಮ್ಮ ಪೂಜೆಗೆ ಕೂರುವ ಹೊತ್ತಿಗೆ ಗಂಡ ಅವಳ ಮಣೆ ಹಾಕುತ್ತಿದ್ದ, ಬಿಲ್ವಪತ್ರೆ ತೊಳೆದಿಡುತ್ತಿದ್ದ, ತಂಬಿಗೆಯಲ್ಲಿ ನೀರು ತುಂಬಿಸಿ ಸದ್ದಾಗದಂತೆ ಪಕ್ಕಕ್ಕಿಟ್ಟು ಹಿಂದೆ ಸರಿಯುತ್ತಿದ್ದ. ಮದುವೆಯಾದಂದಿನಿಂದ ತಾನು ಕುಡಿದ ಲೋಟ ತಾನು ತೊಳೆದವನಲ್ಲ. ಗಿರಣಿಯಲ್ಲಿ ಅವನ ಕೆಮ್ಮು ಕೇಳಿದರೆ ಸಾಕು, ಕೂತ ಆಳುಗಳು ಎದ್ದು ನಿಲ್ಲುತ್ತಿದ್ದರು. ಅಂಥವನು ಹೆಂಡತಿಯ ಮುಂದೆ ಹೂಬುಟ್ಟಿ ಹಿಡಿದು ನಿಲ್ಲುವುದನ್ನು ಕಂಡು ಸೊಸೆ ಗಂಗಾಂಬಿಕಾ ಮೊದಮೊದಲು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡುತ್ತಿದ್ದಳು. ಆಮೇಲೆ ಅವಳಿಗೂ ರೂಢಿಯಾಯಿತು. ಒಂದೆರಡು ಸಲ ಬಾಯಿ ತಪ್ಪಿ ಅವನು ಹೆಂಡತಿಗೆ ‘ಬರ್ರಿ’ ಎಂದದ್ದೂ ಉಂಟು.

ಇದಕ್ಕೆಲ್ಲ ಕಾರಣ ಜಂಬಮ್ಮನಿಗೆ ಲಿಂಗದ ಸುತ್ತ ಕಂಡ ಬೆಳಕು.

ಲಿಂಗಾಯತರ ಮನೆಯಲ್ಲಿ ಹುಟ್ಟಿದ ಜಂಬಮ್ಮನ ಕೊರಳಲ್ಲಿ ಬುದ್ಧಿ ಬಂದಾಗಿನಿಂದ ಇಷ್ಟಲಿಂಗವಿತ್ತು. ದಿನಾ ಮಿಂದು, ಹಣೆಗೆ ವಿಭೂತಿ ಧರಿಸಿ, ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಬೆನ್ನ ಹಿಂದೆ ಒಂದು ದೀಪ. ಅದರ ಕುಡಿ ಲಿಂಗದ ಕಪ್ಪು ಮೈಯಲ್ಲಿ ಎಳ್ಳುಕಾಳಿನಷ್ಟು ಮಿನುಗುತ್ತದೆ. ಅದನ್ನೇ ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ಪೂಜೆ. ವರ್ಷಗಟ್ಟಲೆ ನೋಡಿದವರಿಗೆ ಒಂದಲ್ಲ ಒಂದು ದಿನ ಲಿಂಗ ಬೆಳಕಾಗಿ ಕಾಣುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಕಂಡವರನ್ನು ಮಾತ್ರ ಜಂಬಮ್ಮ ಕಂಡಿರಲಿಲ್ಲ. ಹೀಗಿರುವಾಗ ಒಂದು ಬೆಳಗ್ಗೆ ಆ ಎಳ್ಳುಕಾಳು ಅರಳಿತು. ಅದರ ಸುತ್ತ ಬಣ್ಣದ ಉಂಗುರ, ಉಂಗುರದಿಂದ ಹೊರಟ ಕಿರಣಗಳು. ಮೈ ಜುಮ್ಮೆಂದಿತು. ಮರುದಿನವೂ ಕಂಡಿತು, ಮುಂದಿನ ತಿಂಗಳು ಇನ್ನೂ ದೊಡ್ಡದಾಗಿ ಕಂಡಿತು. ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೆ ಒಬ್ಬನಿಗೆ ಹೇಳಿದಳು. ಹಾಲಸ್ವಾಮಿ ಎದ್ದು ಹೋಗಿ ಅವಳ ತಂಬಿಗೆ ತೊಳೆದಿಟ್ಟ. ಅಂದಿನಿಂದ ಶುರುವಾದ ಸೇವೆ ಇದು.

ಜಂಬಮ್ಮನಿಗೆ ಅದು ಹಿತವಾಗಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಶಿವನೂ ಒಲಿದ, ಗಂಡನೂ ಬಗ್ಗಿದ. ಹೆಂಗಸಿಗೆ ಇನ್ನೇನು ಬೇಕು?

ಆದರೆ ಅವಳಿಗೆ ಹುಟ್ಟಿನಿಂದ ಬಂದ ಒಂದು ಚಟವಿತ್ತು. ಯಾವುದಾದರೂ ಒಂದು ಸಂಗತಿ ತಲೆಗೆ ಹೊಕ್ಕರೆ ಅದರ ಬುಡ ಕಾಣುವ ತನಕ ಬಿಡುತ್ತಿರಲಿಲ್ಲ. ಆ ಚಟವೇ ಅವಳಿಗೆ ಮುಳುವಾಯಿತು. ಸಂಡೂರಿನಲ್ಲಿ ತಂಗಿಯ ಮಗಳ ಗೃಹಪ್ರವೇಶ. ಊಟ ಮುಗಿಸಿ ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತವು, ಒಂದೊಂದಾಗಿ ದೀಪ ಹಚ್ಚಿದವು. ಪ್ರತಿ ದೀಪಕ್ಕೂ ಒಂದು ಉಂಗುರ, ಉಂಗುರದಿಂದ ಹೊರಟ ಕಿರಣಗಳು. ತನ್ನ ಲಿಂಗದ ಸುತ್ತ ಇದ್ದದ್ದೇ, ಅದೇ ಬಣ್ಣ.

ಜಂಬಮ್ಮ ಕಣ್ಣುಜ್ಜಿ ಮತ್ತೆ ನೋಡಿದಳು. ಶಿವ ಎಲ್ಲೆಲ್ಲೂ ಇದ್ದಾನೆ, ಒಪ್ಪಿದ ಮಾತು. ಆದರೂ ಕೆಂಪು ಧೂಳು ಮೆತ್ತಿದ ಟಿಪ್ಪರ್ ಲಾರಿಯ ಹೆಡ್‌ಲೈಟಿನಲ್ಲಿ, ಅದೂ ಎರಡೂ ಕಡೆ ಸಮವಾಗಿ ಅವನು ಕಾಣಿಸಿಕೊಳ್ಳುವುದೆಂದರೆ ಯಾಕೋ ನಂಬಲು ಕಷ್ಟವಾಯಿತು. ಕಂಪ್ಲಿಗೆ ಮರಳಿದ ಮೇಲೆ ಅವಳು ಬೀದಿಯ ಕಂಬದ ದೀಪ ನೋಡಿದಳು, ಮಗ ಈಶ್ವರನ ಬೈಕಿನ ದೀಪ ನೋಡಿದಳು, ಚಂದ್ರನನ್ನೂ ಬಿಡಲಿಲ್ಲ. ಎಲ್ಲಕ್ಕೂ ಉಂಗುರ. ಆಗ ಬೇರೆ ಸಂಗತಿಗಳೂ ನೆನಪಿಗೆ ಬಂದವು. ಗಿರಣಿಯ ಅಕ್ಕಿ ಹಳದಿ ಬರುತ್ತಿದೆ ಎಂದು ತಾನು ಮಗನನ್ನು ಗದರಿದ್ದು, ಬಿಳಿ ಸೀರೆ ಬೆಳ್ಳಗಾಗಲಿಲ್ಲ ಎಂದು ಸೊಸೆಯ ಸೋಪಿನ ಪುಡಿಯನ್ನು ಬೈದದ್ದು, ಬಿಸಿಲಿಗೆ ಹೋದರೆ ಕಣ್ಣು ಕುಕ್ಕುವುದು, ಮೆಟ್ಟಿಲಿನ ಅಂಚು ತಪ್ಪಿ ಎರಡು ಸಲ ಎಡವಿದ್ದು. ಇವೆಲ್ಲ ಬಿಡಿಬಿಡಿಯಾಗಿದ್ದಾಗ ವಯಸ್ಸು ಎನಿಸಿತ್ತು. ಒಟ್ಟಿಗೆ ಇಟ್ಟು ನೋಡಿದರೆ ಬೇರೇನೋ ಎನಿಸಿತು.

ಹೊಸಪೇಟೆಯ ಕಣ್ಣಿನ ಆಸ್ಪತ್ರೆಗೆ ಸೊಸೆಯನ್ನು ಕರೆದುಕೊಂಡು ಹೋದಳು. ಡಾಕ್ಟರು ತುಳಸಿ ಎಂಬ ಹೆಣ್ಣುಮಗಳು, ಇಲ್ಲೇ ಕಂಪ್ಲಿಯ ಹತ್ತಿರದ ಮೆಟ್ರಿಯವಳು. ಕಣ್ಣಿಗೆ ಔಷಧಿ ಹಾಕಿ ಪಾಪೆ ದೊಡ್ಡದಾಗುವ ತನಕ ಕೂರಿಸಿ, ಯಂತ್ರಕ್ಕೆ ಗದ್ದ ಊರಿಸಿ ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದಳು. ಜಂಬಮ್ಮ ಲಾರಿಯ ದೀಪಗಳ ಕತೆ ಹೇಳಿದಳು, ಲಿಂಗದ ಕತೆ ಹೇಳಲಿಲ್ಲ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಸಿಪ್ಪೆ ಎಂದೇ ಅವಳು ತಿಳಿದಿದ್ದಳು. ಹಾಗಲ್ಲವೆಂದು ಡಾಕ್ಟರು ತಿದ್ದಿದಳು. ಕಣ್ಣಿನ ಒಳಗೆ, ಪಾಪೆಯ ಹಿಂದೆ ಒಂದು ಮಸೂರವಿದೆ, ಹುಟ್ಟಿದಾಗ ಅದು ತಿಳಿಯಾಗಿರುತ್ತದೆ, ವಯಸ್ಸಾದಂತೆ ಅದೇ ಮಬ್ಬಾಗುತ್ತ ಹಳದಿಗೆ ತಿರುಗುತ್ತದೆ. ನೇರ ಒಳಗೆ ಹೋಗಬೇಕಾದ ಬೆಳಕು ಆ ಮಬ್ಬಿಗೆ ಬಡಿದು ಚದುರುತ್ತದೆ, ಅದಕ್ಕೇ ದೀಪದ ಸುತ್ತ ಉಂಗುರ.

“ಚಳಿಗಾಲದಾಗ ಕೊಬ್ಬರಿ ಎಣ್ಣಿ ಗಟ್ಟಿಯಾಗಿ ಬೆಳ್ಳಗಾಗ್ತೈತಲ್ರಿ ಅಮ್ಮಾ, ಹಂಗ,” ಎಂದಳು.

“ಹಂಗಾದ್ರ ಬಿಸಿ ತೋರಿಸಿದ್ರ ಕರಗತೈತೇನು?”

ತುಳಸಿ ನಕ್ಕುಬಿಟ್ಟಳು. ಇಷ್ಟು ಜನಕ್ಕೆ ಈ ಮಾತು ಹೇಳಿದ್ದೇನೆ, ಹೀಗೆ ಕೇಳಿದವರು ನೀವೊಬ್ಬರೇ ಎಂದಳು. ಕರಗುವುದಿಲ್ಲ, ಯಾವ ಔಷಧಿಯ ಹನಿಗೂ ಕರಗುವುದಿಲ್ಲ, ಮಬ್ಬಾದ ಮಸೂರ ತೆಗೆದು ಬೇರೆ ಹಾಕುವುದೊಂದೇ ದಾರಿ. ಪೊರೆ ಪೂರ್ತಿ ಹಣ್ಣಾಗಲಿ ಎಂದು ಕಾಯುವುದು ಹಳೆಯ ಕಾಲದ ಮಾತು, ಬಹಳ ಗಟ್ಟಿಯಾದರೆ ತೆಗೆಯುವುದೇ ಕಷ್ಟ. ನಿಮ್ಮ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮಾಡಿಸಬಹುದು, ಒಂದು ಕಣ್ಣು ಮೊದಲು, ಅದು ವಾಸಿಯಾದ ಮೇಲೆ ಇನ್ನೊಂದು. ಎಲ್ಲ ಶಸ್ತ್ರಚಿಕಿತ್ಸೆಯಂತೆ ಇದರಲ್ಲೂ ಅಪರೂಪಕ್ಕೆ ಸೋಂಕು, ತೊಂದರೆ ಆಗುವುದುಂಟು, ಬಹುಪಾಲು ಜನಕ್ಕೆ ಒಳ್ಳೆಯದೇ ಆಗುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಜಂಬಮ್ಮ ಮನೆಗೆ ಬಂದಳು, ಮಾಡಿಸಿಕೊಳ್ಳುತ್ತೇನೆ ಎಂದಳು. ಹಾಲಸ್ವಾಮಿ ಬೇಡವೆಂದ.

ಮನೆಯವರೆಲ್ಲ ಬೆಪ್ಪಾದರು. ಆರು ವರ್ಷದ ಹಿಂದೆ ತಾನೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮನುಷ್ಯ! ಕನ್ನಡಕ ಏರಿಸಿಕೊಂಡು ಪೇಪರಿನ ಕೊನೆಯ ಸಾಲಿನ ತನಕ ಓದುತ್ತಾನೆ, ಮೂಟೆಯೊಳಗಿನ ನುಚ್ಚನ್ನು ದೂರದಿಂದಲೇ ಹಿಡಿಯುತ್ತಾನೆ. ಈಶ್ವರ ಬುದ್ಧಿ ಹೇಳಿದ, ಗಂಗಾಂಬಿಕಾ ಹೇಳಿದಳು. ಹಾಲಸ್ವಾಮಿಯದು ಒಂದೇ ಪಟ್ಟು, ಕಾರಣ ಕೇಳಿದರೆ ಬಾಯಿಗೆ ಬೀಗ. ಜಂಬಮ್ಮನಿಗೆ ಈಗ ಎರಡು ಹುಳ ಹೊಕ್ಕಂತಾಯಿತು. ಬೆಳಕು ಶಿವನದೋ ಕಣ್ಣಿನದೋ ಎಂಬುದೊಂದು, ಈ ಮನುಷ್ಯ ಯಾಕೆ ತಡೆಯುತ್ತಿದ್ದಾನೆ ಎಂಬುದು ಇನ್ನೊಂದು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಅವನು ಅವಳ ಪೂಜೆಗೆ ಪತ್ರೆ ಆರಿಸುತ್ತಿದ್ದಾಗ ಎದುರಿಗೆ ಹೋಗಿ ಕೂತು, ಹೇಳುವ ತನಕ ಏಳುವುದಿಲ್ಲ ಎಂದಳು.

ಹಾಲಸ್ವಾಮಿ ಪತ್ರೆಯ ತಟ್ಟೆ ಕೆಳಗಿಟ್ಟ.

“ನನಗೂ ಕಂಡಿತ್ತು,” ಎಂದ. “ನಿನಗ ಕಾಣೋ ಬೆಳಕು. ಕಣ್ಣು ಮಾಡಿಸೋಕಿನ್ನಾ ಮೊದಲ.”

ಆಮೇಲೆ ಉಳಿದದ್ದು ನಿಧಾನವಾಗಿ ಹೊರಬಂತು. ಆಗ ಅವನಿಗೂ ಲಿಂಗದ ಸುತ್ತ ಉಂಗುರ ಕಾಣುತ್ತಿತ್ತು, ಶಿವ ಒಲಿದನೆಂದು ಅವನೂ ಅಂದುಕೊಂಡಿದ್ದ, ಹೇಳಿದರೆ ಹೋಗಿಬಿಟ್ಟೀತೆಂದು ಯಾರಿಗೂ ಹೇಳಿರಲಿಲ್ಲ. ಶಸ್ತ್ರಚಿಕಿತ್ಸೆಯ ದಿನ ಮೈಮೇಲಿನದೆಲ್ಲ ತೆಗೆದಿಡಿ ಎಂದರು. ಬೆರಳಿನ ಉಂಗುರ, ಉಡಿದಾರ ತೆಗೆದ. ಜೊತೆಗೆ ಕೊರಳಿನ ಲಿಂಗವನ್ನೂ ತೆಗೆದು ಮಗನ ಕೈಗೆ ಕೊಟ್ಟ. ಪ್ರಾಣ ಹೋದರೂ ಮೈಯಿಂದ ಅಗಲಿಸಬಾರದ್ದು ಒಂದು ಬೆಳಗಿನ ಹೊತ್ತು ಈಶ್ವರನ ಕೈಚೀಲದಲ್ಲಿ, ಬಾಳೆಹಣ್ಣು ನೀರಿನ ಬಾಟಲಿಯ ಜೊತೆಗೆ ಕೂತಿತ್ತು. ಮನೆಗೆ ಬಂದು ಪೂಜೆಗೆ ಕೂತರೆ ಬೆಳಕು ಅರ್ಧ ಹೋಗಿತ್ತು. ಎರಡನೆಯ ಕಣ್ಣಿಗೂ ಹಾಗೆಯೇ ತೆಗೆದುಕೊಟ್ಟ. ಆ ಸಲ ಪೂರಾ ಹೋಯಿತು.

“ನಾ ಅವನ್ನ ಬಿಟ್ಟು ಕುಂತೆ, ಅಂವ ನನ್ನ ಬಿಟ್ಟು ಹೋದ,” ಎಂದ ಹಾಲಸ್ವಾಮಿ. “ನಿನಗರ ಇರಲಿ.”

ಜಂಬಮ್ಮನಿಗೆ ಅಳು ಬಂತು. ಎರಡು ವರ್ಷ ಈ ಮನುಷ್ಯ ತೊಳೆದದ್ದು ಹೆಂಡತಿಯ ತಂಬಿಗೆಯನ್ನಲ್ಲ, ತನ್ನ ತಪ್ಪನ್ನು. ತಾನು ಅದನ್ನು ಮಹಾರಾಣಿಯಂತೆ ಅನುಭವಿಸಿದ್ದಳು. ಅಳು ಬಂದರೂ ಒಳಗೆ ಹುಳ ಸುಮ್ಮನಿರಬೇಕಲ್ಲ. ಮೊದಲ ಕಣ್ಣಾದ ಮೇಲೆ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿದ್ದಿರಾ ಎಂದು ಕೇಳಿದಳು. ಹಾಲಸ್ವಾಮಿ ಗಾಬರಿಯಾದ. ಶಿವನ ಮುಂದೆ ಒಂದು ಕಣ್ಣು ಮುಚ್ಚುವುದೇ? ಅದು ಅವನಿಗೆ ಕಣ್ಣು ಹೊಡೆದಂತಾಗಲಿಲ್ಲವೇ? ಪೂಜೆಯೆಂದರೆ ಎರಡೂ ಕಣ್ಣು ನೆಟ್ಟು ನೋಡುವುದು.

“ನಾ ಹೊಡೀತೀನಿ ಬಿಡ್ರಿ,” ಎಂದಳು ಜಂಬಮ್ಮ. “ಆದರ ಲಿಂಗ ಮೈಯಿಂದ ಇಳಿಸಂಗಿಲ್ಲ. ಇಳಿಸಲಾರದ ಮಾಡಿಸಿಕೋತೀನಿ. ಆವಾಗ ಬೆಳಕು ಹೋಗತೈತೋ ಉಳೀತೈತೋ ನೋಡೇಬಿಡೋಣು.”

ಹೊರಡುವ ದಿನ ಹಾಲಸ್ವಾಮಿ ತಾನಾಗಿಯೇ ಕಾರಿನಲ್ಲಿ ಮುಂದೆ ಹೋಗಿ ಕೂತಿದ್ದ.

ಅಷ್ಟರಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿದ್ದಾಗಿತ್ತು, ಯಾವ ಅಳತೆಯ ಮಸೂರ ಬೇಕೆಂದು ಕಣ್ಣನ್ನು ಯಂತ್ರದಲ್ಲಿ ಅಳೆದದ್ದಾಗಿತ್ತು. ಆಸ್ಪತ್ರೆಯಲ್ಲಿ ಮತ್ತೆ ಅದೇ ಮಾತು, ಮೈಮೇಲಿನದೆಲ್ಲ ತೆಗೆದಿಡಿ. ಜಂಬಮ್ಮ ಬಳೆ ತೆಗೆದಳು, ಓಲೆ ತೆಗೆದಳು, ಕರಡಿಗೆಗೆ ಕೈ ಅಡ್ಡ ಹಿಡಿದು ಡಾಕ್ಟರನ್ನು ಕರೆಯಿರಿ ಎಂದಳು. ತುಳಸಿ ಬಂದು ಕೇಳಿ, ಕಣ್ಣಿನ ಹತ್ತಿರ ಬರದಿದ್ದರೆ ತನಗೇನೂ ಅಡ್ಡಿಯಿಲ್ಲ ಎಂದಳು. ಬೆಳ್ಳಿಯ ಕರಡಿಗೆ ಹೊರಗುಳಿಯಿತು. ಲಿಂಗವನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಹಸಿರು ನಿಲುವಂಗಿಯ ಒಳಗೆ ತೋಳಿಗೆ ಕಟ್ಟಿದರು. ಇಷ್ಟು ಸುಲಭವಿತ್ತು. ಕೇಳಬೇಕಾಗಿತ್ತು, ಅಷ್ಟೆ. ಆರು ವರ್ಷದ ಹಿಂದೆ ಹಾಲಸ್ವಾಮಿ ಕೇಳಿರಲಿಲ್ಲ, ಕೇಳುವುದು ಅವನ ಜಾಯಮಾನವಲ್ಲ.

ಒಳಗೆ ಮಲಗಿಸಿ ಬಲಗಣ್ಣಿಗೆ ಮರಗಟ್ಟುವ ಹನಿ ಬಿಟ್ಟರು. ಎಚ್ಚರವಾಗಿಯೇ ಇರುತ್ತೀರಿ, ಅಲುಗಾಡಬೇಡಿ, ಕೆಮ್ಮು ಬಂದರೆ ಮೊದಲೇ ಹೇಳಿ ಎಂದರು. ಕತ್ತಿ ಕಣ್ಣೆದುರು ಬರುವುದು ಕಂಡೀತೆಂದು ಜಂಬಮ್ಮ ಹೆದರಿದ್ದಳು, ಕತ್ತಿಗಿತ್ತಿ ಏನೂ ಕಾಣಲಿಲ್ಲ. ನೋವಿರಲಿಲ್ಲ, ಯಾರೋ ಕಣ್ಣನ್ನು ಮೆಲ್ಲಗೆ ಒತ್ತಿದಂತೆ, ನೀರು ಹರಿಸಿದಂತೆ ಅಷ್ಟೆ. ಯಂತ್ರ ಗುಂಯ್‌ಗುಡುತ್ತಿತ್ತು. ಮಬ್ಬಾದ ಮಸೂರವನ್ನು ಅದು ಒಳಗೇ ಪುಡಿಮಾಡಿ ಹೀರಿಕೊಳ್ಳುತ್ತದೆ ಎಂದು ತುಳಸಿ ಮೊದಲೇ ತಿಳಿಸಿದ್ದಳು. ಅವಳು ಹೇಳದೇ ಇದ್ದದ್ದು ಬಣ್ಣದ ಸಂಗತಿ. ಜಂಬಮ್ಮನ ಕಣ್ಣ ತುಂಬ ನೀಲಿ, ಗುಲಾಬಿ, ಹಸಿರು ಬಣ್ಣಗಳು ನೀರಿನಲ್ಲಿ ತೇಲಿದಂತೆ ತೇಲಿದವು, ಒಂದರೊಳಗೊಂದು ಕರಗಿದವು. ಲಿಂಗದ ಸುತ್ತಲಿನ ಉಂಗುರ ಇದರ ಮುಂದೆ ಏನೂ ಅಲ್ಲ. ಇದು ಯಾರು, ಶಿವನೋ ಯಂತ್ರವೋ? ತೋಳಿನ ಮೇಲಿನ ಗಂಟು ತನ್ನ ಪಾಡಿಗೆ ತಾನು ಬೆಚ್ಚಗಿತ್ತು. ಎಲ್ಲ ಮುಗಿದು ಕಣ್ಣಿಗೆ ಪಟ್ಟಿ ಹಾಕುವಾಗ ಅವಳು ಕೇಳಿಯೇಬಿಟ್ಟಳು. ಮೇಲಿನ ದೀಪದ ಬೆಳಕು ಹಾಗೆ ಕಾಣುತ್ತದೆ, ಬಹಳ ಜನ ಕಂಡೆವೆನ್ನುತ್ತಾರೆ ಎಂದಳು ತುಳಸಿ. ಹೊರಗೆ ಬಂದಾಗ ಹಾಲಸ್ವಾಮಿ ಚಹಾ ತರಿಸಿದ್ದ, ಅದಿನ್ನೂ ಬಿಸಿಯಾಗಿತ್ತು.

ಸಂಜೆಯೊಳಗೆ ಮನೆ ಸೇರಿದರು. ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಎಲ್ಲ ಮಸುಕು, ಕಣ್ಣಿನಲ್ಲಿ ಮರಳು ಬಿದ್ದಂಥ ಕಿರಿಕಿರಿ. ಎರಡು ದಿನ ಕಳೆಯುವಷ್ಟರಲ್ಲಿ ಗೋಡೆ ಬೆಳ್ಳಗಾಯಿತು, ಗಿರಣಿಯ ಅಕ್ಕಿ ಬೆಳ್ಳಗಾಯಿತು, ಸೊಸೆಯ ಸೋಪಿನ ಪುಡಿಯ ಮೇಲಿನ ಆಪಾದನೆ ಬಿದ್ದುಹೋಯಿತು. ಪಥ್ಯ ಮಾತ್ರ ಬಹಳವಿತ್ತು. ಕಣ್ಣು ಉಜ್ಜಬಾರದು, ತಲೆಗೆ ನೀರು ಹಾಕಬಾರದು, ಬಗ್ಗಿ ಭಾರ ಎತ್ತಬಾರದು, ಒಲೆಯ ಹೊಗೆಗೆ ಮುಖ ಕೊಡಬಾರದು. ಕೈ ತೊಳೆದು ಹೊತ್ತುಹೊತ್ತಿಗೆ ಹನಿ ಹಾಕುವುದನ್ನು ಗಂಗಾಂಬಿಕಾ ನೋಡಿಕೊಂಡಳು. ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ನೋಟ ಕುಗ್ಗಿದರೆ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದಿದ್ದರು, ಹಾಗೇನೂ ಆಗಲಿಲ್ಲ. ಪೂಜೆಯ ಮಾತು ಬಂದಾಗ ತುಳಸಿ ಎರಡು ವಾರ ತಡೆಯಿರಿ, ವಿಭೂತಿಯ ಧೂಳು, ಪಾದೋದಕದ ನೀರು ಕಣ್ಣಿಗೆ ತಾಕಬಾರದು ಎಂದಿದ್ದಳು. ಜಂಬಮ್ಮ ಅಷ್ಟು ದಿನ ಕರಡಿಗೆ ಬಿಚ್ಚದೆ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತು ಎದ್ದಳು. ಹಾಲಸ್ವಾಮಿ ದಿನಾ ಬಾಗಿಲ ಬಳಿ ಬಂದು ನೋಡಿ ಹೋಗುತ್ತಿದ್ದ.

ಎರಡು ವಾರದ ತಪಾಸಣೆಗೆ ಹೊಸಪೇಟೆಗೆ ಹೋದವಳು ಬರುವಾಗ ಹಂಪಿಗೆ ಗಾಡಿ ತಿರುಗಿಸು ಎಂದು ಈಶ್ವರನಿಗೆ ಹೇಳಿದಳು. ಹಂಪಿ ಬಜಾರಿನ ಕಲ್ಲುಮಂಟಪದ ಮೆಟ್ಟಿಲ ಮೇಲೆ ಕೂತು ಮುಸ್ಸಂಜೆಗೆ ವಿರೂಪಾಕ್ಷನ ಗೋಪುರದ ದೀಪ ಹತ್ತುವುದನ್ನೇ ಕಾದಳು. ದೀಪ ಹತ್ತಿದವು. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕರಿ ಕನ್ನಡಕ ತೆಗೆದು ಎಡಗಣ್ಣು ಮುಚ್ಚಿದಳು, ಹೊಸ ಕಣ್ಣಿನಲ್ಲಿ ದೀಪ ಬರೀ ದೀಪ. ಬಲಗಣ್ಣು ಮುಚ್ಚಿದಳು, ಹಳೆಯ ಕಣ್ಣಿನಲ್ಲಿ ದೀಪಕ್ಕೆ ಉಂಗುರ. ಮತ್ತೆ ಎಡ, ಮತ್ತೆ ಬಲ. ಎದುರಿಗೆ ನಿಂತಿದ್ದ ಒಬ್ಬ ಬಿಳಿಯ ಪ್ರವಾಸಿ ಮುದುಕ ತನಗೇ ಎಂದುಕೊಂಡು ಅವಳತ್ತ ಒಂದು ಕಣ್ಣು ಮಿಟುಕಿಸಿದ. ಈಶ್ವರ ನಾಚಿ ಗಾಡಿಯತ್ತ ನಡೆದ.

ದೀಪ ಏನೇ ಹೇಳಲಿ, ಲಿಂಗದ ಮಾತು ಬೇರೆ. ಮರುದಿನ ಬೆಳಗ್ಗೆ ಜಂಬಮ್ಮ ಪೂಜೆಗೆ ಕೂತಳು. ಹಾಲಸ್ವಾಮಿಯನ್ನೂ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದಳು. ಹೊಸ ಕಣ್ಣಿಗೆ ದೂರದ್ದು ಚೆನ್ನಾಗಿ, ಹತ್ತಿರದ್ದು ಮಂಜಾಗಿ ಕಾಣುತ್ತಿತ್ತು. ಹತ್ತಿರದ ಕನ್ನಡಕ ಕೊಡುವುದು ತಿಂಗಳಾದ ಮೇಲೆ. ಅದಕ್ಕೇ ಗಂಡನ ಕನ್ನಡಕವನ್ನು ಅವನ ಮೂಗಿನಿಂದಲೇ ತೆಗೆದು ತಾನು ಹಾಕಿಕೊಂಡಳು. ಹಿಂದೆ ದೀಪ ಉರಿಯುತ್ತಿತ್ತು. ಲಿಂಗವನ್ನು ಅಂಗೈಯಲ್ಲಿಟ್ಟು ಎತ್ತಿ ಹಿಡಿದಳು. ಗೊತ್ತಾಗಲಿ ಎಂದು ಇಷ್ಟೆಲ್ಲ ಮಾಡಿದವಳಿಗೆ ಆ ಹೊತ್ತಿನಲ್ಲಿ ಗೊತ್ತಾಗುವುದೇ ಬೇಡ ಎನಿಸಿತು. ಆದರೂ ಎಡಗಣ್ಣು ಮುಚ್ಚಿದಳು.

ಕಪ್ಪು ಲಿಂಗ, ನುಣ್ಣನೆಯ ಮೈ. ಅದರಲ್ಲಿ ಎಳ್ಳುಕಾಳಿನಷ್ಟು ಬೆಳಕು, ಸುತ್ತ ಏನೂ ಇಲ್ಲ. ಬಲಗಣ್ಣು ಮುಚ್ಚಿದಳು. ಉಂಗುರ ಬಂತು, ಕಿರಣಗಳು ಬಂದವು, ಎರಡು ವರ್ಷ ಅವಳನ್ನು ಆರಿಸಿಕೊಂಡಿದ್ದ ಬೆಳಕು ಪೂರ್ತಿ ಬಂತು. ಕಣ್ಣು ಬದಲಿಸಿದರೆ ಹೋಯಿತು. ಎಷ್ಟು ಚೆಂದದ ಬೆಳಕಾಗಿತ್ತು ಅದು! ಇಟ್ಟುಕೊಳ್ಳಬಹುದಾಗಿತ್ತು. ಎಡಗಣ್ಣನ್ನು ಹಾಗೆಯೇ ಬಿಟ್ಟು, ನನಗಿನ್ನೂ ಕಾಣುತ್ತದೆ ಎಂದು ಹೇಳಿದರೆ ಸುಳ್ಳೂ ಆಗುತ್ತಿರಲಿಲ್ಲ, ತಂಬಿಗೆ ತೊಳೆಯುವವನು ಕೊನೆಯ ತನಕ ತೊಳೆಯುತ್ತಿದ್ದ. ಪಕ್ಕದಲ್ಲಿ ಅವನು ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಅವಳು ಕನ್ನಡಕ ತೆಗೆದಳು.

“ಬಲಗಣ್ಣಾಗ ಹೋಗೈತಿ. ಎಡಗಣ್ಣಾಗ ಇನ್ನೂ ಐತಿ,” ಎಂದಳು. “ನಾ ಲಿಂಗ ಮೈಯಿಂದ ಇಳಿಸಿಲ್ಲ. ನೀವ ನೋಡೀರಿ. ಶಿವ ನನ್ನ ಒಂದು ಕಣ್ಣಿಗೆ ಸಿಟ್ಟಾಗಿ ಇನ್ನೊಂದು ಕಣ್ಣಿಗೆ ಒಲಿದು ಕುಂತಾನೇನ್ರಿ?”

ಹಾಲಸ್ವಾಮಿ ಅವಳ ಅಂಗೈ ನೋಡಿದ, ಅವಳ ಕಣ್ಣು ನೋಡಿದ, ತನ್ನ ಕೊರಳಿಗೆ ಕೈ ಹಾಕಿ ಕರಡಿಗೆಯನ್ನು ಹಿಡಿದುಕೊಂಡ.

“ಅದು ಪೊರಿ ಅಷ್ಟ ಏನು?”

“ಪೊರಿ ಅಷ್ಟರೀ. ನನ್ನದೂ, ನಿಮ್ಮದೂ.”

“ಹಂಗಾರ ಅಂವ ನನ್ನ ಬಿಟ್ಟು ಹೋಗಿದ್ದಿಲ್ಲ?”

“ಎಲ್ಲಿ ಹೋಗ್ತಾನ್ರಿ,” ಎಂದಳು ಜಂಬಮ್ಮ. “ದಿನಾ ನಿಮ್ಮ ಕೈಯಾಗ ಕುಂತಿದ್ದ.”

ಹಾಲಸ್ವಾಮಿ ಕರಡಿಗೆ ಬಿಚ್ಚಲು ಹೋದ, ಕನ್ನಡಕವಿಲ್ಲದೆ ಬಿಚ್ಚಲಾಗಲಿಲ್ಲ. ಜಂಬಮ್ಮನೇ ಬಿಚ್ಚಿ ಅವನ ಅಂಗೈಯಲ್ಲಿ ಲಿಂಗ ಇಟ್ಟಳು. ಗಿರಣಿಯ ಆಳುಗಳನ್ನು ಕೆಮ್ಮಿನಿಂದಲೇ ಎಬ್ಬಿಸುವ ಆ ಮನುಷ್ಯ, ಸೊಸೆ ಬಾಗಿಲಲ್ಲಿ ನಿಂತಿರುವುದನ್ನೂ ಲೆಕ್ಕಿಸದೆ, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಬಿಕ್ಕಿಬಿಕ್ಕಿ ಅತ್ತ.